ಹಿಂದಿನ ಸಾಲಿನವರು ಸ್ವಲ್ಪ ಬಲಕ್ಕೆ

ಫೆಬ್ರುವರಿ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಬೆಂಚುಗಳು ನಡೆಯಲು ಶುರು ಮಾಡುತ್ತವೆ. ವರ್ಷವೆಲ್ಲ ಕೊಠಡಿಯೊಳಗೆ ನಾಲ್ಕು ಕಾಲೂರಿ ನಿಂತಿದ್ದವು ಒಂದು ಬೆಳಿಗ್ಗೆ ಮಕ್ಕಳ ಕೈಗಳ ಮೇಲೇರಿ ಬಾಗಿಲು ದಾಟುತ್ತವೆ, ಜಗಲಿ ಇಳಿಯುತ್ತವೆ, ಮೈದಾನದ ನಡುವೆ ಬಂದು ಸಾಲಾಗಿ ನಿಲ್ಲುತ್ತವೆ. ಕಾಂಪೌಂಡಿನ ಆಚೆ ಹೋಗುವವರು "ಓಹೋ, ಗ್ರೂಪ್ ಫೋಟೋ" ಎಂದು ಬೈಕಿನ ವೇಗ ತಗ್ಗಿಸುತ್ತಾರೆ. ಏಳನೆಯವರೋ ಹತ್ತನೆಯವರೋ ಶಾಲೆ ಬಿಡುವ ಕಾಲ ಬಂತು ಎಂದು ಊರಿಗೆ ತಿಳಿಸಲು ಬೇರೆ ಡಂಗುರ ಬೇಕಿಲ್ಲ. ಪಠ್ಯಪುಸ್ತಕ ಬದಲಾಗಿದೆ, ಪರೀಕ್ಷೆಯ ಕ್ರಮ ಬದಲಾಗಿದೆ, ಮಂತ್ರಿಗಳಂತೂ ಬದಲಾಗುತ್ತಲೇ ಇರುತ್ತಾರೆ. ಬೆಂಚು ಹೊರಗೆ ಬರುವುದು ಮಾತ್ರ ತಪ್ಪಿಲ್ಲ. ಕೊರೊನಾ ಕಾಲ ಬಿಟ್ಟು.

ನಾನು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ಇಂಥ ಫೋಟೋಗಳಲ್ಲಿ ಚಿಕ್ಕಂದಿನಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದೇನೆ, ಮೀಸೆ ಮೂಡುವ ವಯಸ್ಸಿನಲ್ಲಿ ಹಿಂದಿನ ಬೆಂಚಿನ ಮೇಲೆ ನಿಂತಿದ್ದೇನೆ, ಆಮೇಲೆ ನಿವೃತ್ತಿಯವರೆಗೂ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದೇನೆ. ಈಗ ಉಳಿದಿದ್ದ ಇನ್ನೊಂದು ಜಾಗಕ್ಕೂ ಬಡ್ತಿ ಸಿಕ್ಕಿದೆ. ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬ ಶಾಲೆಗಳಿಗೆ ಹೋಗುವಾಗ "ಬನ್ನಿ ಸಾರ್, ಸುಮ್ನೆ ಮನೇಲಿ ಕೂತು ಏನ್ಮಾಡ್ತೀರಾ" ಎಂದು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುತ್ತಾನೆ. ನನ್ನ ಕೆಲಸ ಟ್ರೈಪಾಡ್ ಹಿಡಿಯುವುದು, ಕೇಳದಿದ್ದರೂ ಸಲಹೆ ಕೊಡುವುದು. ಕ್ಯಾಮೆರಾದ ಹಿಂದೆ ನಿಂತ ಮೇಲೆಯೇ ನನಗೆ ಈ ಫೋಟೋದ ನಿಜವಾದ ಹಕೀಕತ್ತು ತಿಳಿದದ್ದು.

ತೊಂದರೆ ಶುರುವಾಗುವುದು ಹಿಂದಿನ ದಿನವೇ. "ನಾಳೆ ಗ್ರೂಪ್ ಫೋಟೋ, ಎಲ್ಲರೂ ನೀಟಾಗಿ ಬರಬೇಕು" ಎಂದು ಕ್ಲಾಸ್ ಟೀಚರ್ ಹೇಳಿಬಿಡುತ್ತಾರೆ. ನೀಟು ಎಂದರೇನು ಎಂಬುದರ ಬಗ್ಗೆ ಒಂದೊಂದು ಮನೆಯಲ್ಲಿ ಒಂದೊಂದು ಸಿದ್ಧಾಂತ. ಅಜ್ಜಿ ಇರುವ ಮನೆಯಲ್ಲಿ ನೀಟು ಎಂದರೆ ಕೊಬ್ಬರಿ ಎಣ್ಣೆ. ತಲೆಗೆ ಹಚ್ಚಿದ್ದು ಹನ್ನೊಂದು ಗಂಟೆಯ ಬಿಸಿಲಿಗೆ ಹಣೆಗಿಳಿದು, ಹಣೆಯಲ್ಲಿ ಸೂರ್ಯ ಹೊಳೆಯಲು ತೊಡಗುತ್ತಾನೆ. ಅದನ್ನು ಮರೆಸಲು ಪೌಡರು. ಪೌಡರು ಕುತ್ತಿಗೆಯವರೆಗೆ ಬಂದು ಅಲ್ಲಿಗೇ ನಿಂತಿರುವುದರಿಂದ ಮುಖವೊಂದು ಊರಿನದು, ಕುತ್ತಿಗೆ ಇನ್ನೊಂದು ಊರಿನದು. ಹುಡುಗರು ಸಂಜೆಯೇ ಕಟಿಂಗ್ ಅಂಗಡಿಗೆ ಓಡುತ್ತಾರೆ. ಹೊಸದಾಗಿ ಕೂದಲು ಕತ್ತರಿಸಿದಾಗ ಕಿವಿಗಳು ಅಗತ್ಯಕ್ಕಿಂತ ಹೆಚ್ಚು ಮುಂದೆ ಬರುತ್ತವೆ. ಹಾಗಾಗಿ ಎಷ್ಟೋ ಗ್ರೂಪ್ ಫೋಟೋಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಿವಿಗಳೇ. ಜೇಬಿನಲ್ಲಿ ಪೆನ್ನು ಇರಲೇಬೇಕು. ಇಲ್ಲದವನು ಪಕ್ಕದವನಿಂದ ಕ್ಯಾಪಾದರೂ ಸಾಲ ತಂದು ಸಿಕ್ಕಿಸಿಕೊಳ್ಳುತ್ತಾನೆ. ಕೈಗೆ ವಾಚು ಕಟ್ಟಿಕೊಂಡು ಬಂದವನು ಕೈಕಟ್ಟಿ ನಿಲ್ಲುವಾಗ ಯಾವ ಕೈ ಮೇಲೆ ಬರಬೇಕೆಂದು ರಾತ್ರಿಯೇ ತೀರ್ಮಾನಿಸಿರುತ್ತಾನೆ.

ಹೊರಗೆ ತೆಗೆಯುವ ಫೋಟೋಗೆ ಬೆಳಕಿನ ಖರ್ಚಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಬೆಳಕು ಬಿಟ್ಟಿ, ನಿಜ. ಆದರೆ ಅದು ಯಾವ ದಿಕ್ಕಿನಿಂದ ಬರಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಹೆಡ್‌ಮೇಷ್ಟ್ರ ಆಸೆ ಒಂದೇ: ಹಿಂದೆ ಶಾಲೆಯ ಹೆಸರಿನ ಬೋರ್ಡು ಓದುವ ಹಾಗೆ ಬರಬೇಕು. ಶಾಲೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬೋರ್ಡಿನ ಮುಂದೆ ನಿಲ್ಲಿಸಿದರೆ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ. ಇಡೀ ತರಗತಿ ಹುಣಸೆಕಾಯಿ ಕಚ್ಚಿದ ಮುಖ ಮಾಡುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಗುಳಿ. ಸಂಜೆಗೆ ಸೂರ್ಯ ಕಟ್ಟಡದ ಹಿಂದಕ್ಕೆ ಹೋಗಿರುತ್ತಾನೆ. ಆಗ ಆಕಾಶ ಬೆಳ್ಳಗೆ ಬರುತ್ತದೆ, ಮಕ್ಕಳು ಕಪ್ಪಗೆ. "ಮರದ ಕೆಳಗೆ ತೆಗೀರಪ್ಪ, ತಂಪಾಗಿರುತ್ತೆ" ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಫೆಬ್ರುವರಿ ಹೊತ್ತಿಗೆ ಹೊಂಗೆ ಎಲೆ ಉದುರಿಸಿಕೊಂಡಿರುತ್ತದೆ. ಕೊಂಬೆಗಳ ನಡುವೆ ಸೋರುವ ಬಿಸಿಲು ಒಬ್ಬನ ಮೂಗಿನ ಮೇಲೆ, ಒಬ್ಬಳ ಗಲ್ಲದ ಮೇಲೆ, ವಿಜ್ಞಾನದ ಮೇಷ್ಟ್ರ ಅರ್ಧ ಮೀಸೆಯ ಮೇಲೆ ಬಿದ್ದು ಎಲ್ಲರಿಗೂ ಚಿಬ್ಬು ಬಂದಿರುವುದಾಗಿ ದಾಖಲೆಯಾಗುತ್ತದೆ.

ನಿಜವಾಗಿ ಒಳ್ಳೆಯ ಬೆಳಕು ಇರುವುದು ಕಟ್ಟಡದ ಉತ್ತರದ ಗೋಡೆಯ ನೆರಳಿನಲ್ಲಿ. ಫೆಬ್ರುವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ಅಲ್ಲಿ ಹಗಲೆಲ್ಲ ನೆರಳು, ಎದುರಿಗೆ ತೆರೆದ ಆಕಾಶ. ಕಣ್ಣು ಕಿವುಚುವ ಗೋಜಿಲ್ಲ, ಮುಖದ ಮೇಲೆ ಸಮನಾದ ಬೆಳಕು. ಇಷ್ಟನ್ನೂ ನನ್ನ ಶಿಷ್ಯ ಒಂದು ಶಾಲೆಯಲ್ಲಿ ವಿವರಿಸಿ ಜಾಗ ತೋರಿಸಿದ. ಹೆಡ್‌ಮೇಷ್ಟ್ರು ನೋಡಿದರು. "ಏನಯ್ಯಾ, ಶೌಚಾಲಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಾ ನಾವು?" ಎಂದರು. ಶಾಲೆಗಳನ್ನು ಕಟ್ಟಿದವರು ಫೋಟೋ ಕಲೆ ತಿಳಿಯದವರೆಂದು ಹೇಳಲಾರೆ. ಅತ್ಯುತ್ತಮ ಬೆಳಕನ್ನು ಅವರು ಇಂಥ ಕಡೆಗೇ ಮೀಸಲಿಟ್ಟಿರುತ್ತಾರೆ. ಕೊನೆಗೆ ಗಣರಾಜ್ಯೋತ್ಸವದ ಫ್ಲೆಕ್ಸನ್ನು ಆ ಬಾಗಿಲಿಗೆ ಅಡ್ಡ ಕಟ್ಟಿ ಫೋಟೋ ತೆಗೆದದ್ದಾಯಿತು. ಚಿತ್ರ ಬಹಳ ಚೆನ್ನಾಗಿ ಬಂತು. ಹಿಂದೆ ಏನಿದೆ ಎಂಬುದು ಫೋಟೋದಲ್ಲಿ ಇರುವವರಿಗೆ ಮಾತ್ರ ಗೊತ್ತು.

ಜಾಗ ಗೊತ್ತಾದ ಮೇಲೆ ಕುರ್ಚಿ. ಇದು ಮಕ್ಕಳ ಫೋಟೋ ಎಂದು ಹೇಳುತ್ತಾರೆ, ಆದರೆ ಮೊದಲ ಅರ್ಧ ಗಂಟೆಯಲ್ಲಿ ಮಕ್ಕಳ ಮಾತೇ ಬರುವುದಿಲ್ಲ. ನಿಜಾಮರ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಎಂಬ ಮಹಾನ್ ಛಾಯಾಗ್ರಾಹಕರಿದ್ದರು, 1905ರಲ್ಲಿ ತೀರಿಕೊಂಡರು. ನವಾಬರು, ರೆಸಿಡೆಂಟರು, ವೈಸರಾಯರ ಗುಂಪುಗಳನ್ನು ಅವರು ತೆಗೆದ ಚಿತ್ರಗಳಲ್ಲಿ ಯಾರು ನಡುವೆ, ಯಾರು ಅಂಚಿಗೆ, ಯಾರಿಗೆ ಕುರ್ಚಿ, ಯಾರು ನಿಂತೇ ಇರಬೇಕು ಎಂಬುದೆಲ್ಲ ಅವರವರ ಅಂತಸ್ತಿಗೆ ತಕ್ಕಂತೆ ಕಾಣುತ್ತದೆ. ರಾಜರು ಹೋದರು, ರೆಸಿಡೆಂಟರು ಹೋದರು. ಆ ಕುರ್ಚಿಶಾಸ್ತ್ರ ನಮ್ಮ ಶಾಲೆಗಳಲ್ಲಿ ಭದ್ರವಾಗಿ ಉಳಿದಿದೆ. ನಡುವಿನ ಕುರ್ಚಿ ಹೆಡ್‌ಮೇಷ್ಟ್ರದು. ಅದಕ್ಕೆ ಕೈಗಳಿರುತ್ತವೆ, ಮಿಕ್ಕವಕ್ಕೆ ಇರುವುದಿಲ್ಲ. ಬಲಕ್ಕೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರು. ಎಡಕ್ಕೆ ಯಾರು? ಸೇವಾ ಹಿರಿತನದಲ್ಲಿ ಗಣಿತದ ಮೇಷ್ಟ್ರು, ವಯಸ್ಸಿನಲ್ಲಿ ಹಿಂದಿ ಮೇಡಂ, ಫ್ಯಾನು ದಾನ ಕೊಟ್ಟ ಲೆಕ್ಕದಲ್ಲಿ ಪಂಚಾಯಿತಿ ಸದಸ್ಯರು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲರೂ "ಎಲ್ಲಾದರೇನು ಬಿಡಿ" ಎನ್ನುತ್ತ ಆ ಕುರ್ಚಿಯ ಹತ್ತಿರವೇ ಸುಳಿದಾಡುತ್ತಾರೆ. ಅತಿಥಿ ಶಿಕ್ಷಕಿಗೆ ಕುರ್ಚಿ ಸಾಲದೆ ಬಂದು ಆಕೆ ಸಾಲಿನ ತುದಿಯಲ್ಲಿ ನಿಲ್ಲುತ್ತಾರೆ. ಹುಡುಗರಿಗೆ ಹೆಚ್ಚು ಪೀರಿಯಡ್ ತೆಗೆದುಕೊಂಡವರು ಅವರೇ ಆಗಿರಬಹುದು. ಬಿಸಿಯೂಟ ಬಡಿಸುವ ಅಕ್ಕಂದಿರು ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸುತ್ತ ನೋಡುತ್ತಿರುತ್ತಾರೆ. ಕೆಲವು ಶಾಲೆಗಳಲ್ಲಿ ಮಕ್ಕಳೇ ಕೂಗಿ ಕರೆಯುತ್ತಾರೆ. ಅಂಥ ಶಾಲೆಗಳು ಒಳ್ಳೆಯ ಶಾಲೆಗಳು ಎಂದು ನಾನು ಬೇರೇನೂ ವಿಚಾರಿಸದೆ ತೀರ್ಮಾನಿಸಿಬಿಡುತ್ತೇನೆ.

ಇನ್ನು ಮಕ್ಕಳು. ಉದ್ದನೆಯವರು ಹಿಂದೆ, ಗಿಡ್ಡನೆಯವರು ಮುಂದೆ. ಹೇಳುವುದು ಸುಲಭ. ಏಳನೇ ತರಗತಿಯ ಹುಡುಗ ತಾನು ಗಿಡ್ಡ ಎಂದು ಒಪ್ಪಿಕೊಂಡ ಉದಾಹರಣೆ ಇಲ್ಲ. ಹಿಂದಿನ ಬೆಂಚು ಹತ್ತುವುದು ಒಂದು ಪದವಿ. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತಾದರೂ ಅದನ್ನು ಸಂಪಾದಿಸಬೇಕು. ಪಿ.ಟಿ. ಮೇಷ್ಟ್ರು ಸೀಟಿ ಊದಿ ಅಳೆಯುತ್ತ ಬರುವಾಗ ಎದೆಯುಬ್ಬಿಸಿ ಬೆಳೆದವರು ಅವರು ದಾಟಿದ ಮೇಲೆ ಮೊದಲಿನ ಎತ್ತರಕ್ಕೆ ಇಳಿಯುತ್ತಾರೆ. ಹುಡುಗಿಯರ ಕಷ್ಟ ಇನ್ನೊಂದು. ಎರಡು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬೇಸಿಗೆ ರಜೆಯಲ್ಲಿ ಗೇಣುದ್ದ ಬೆಳೆದುಬಿಟ್ಟಿರುತ್ತಾಳೆ. ಎತ್ತರದ ನಿಯಮದ ಪ್ರಕಾರ ಅವರು ಬೇರೆಬೇರೆ ಸಾಲಿಗೆ ಹೋಗಬೇಕು. ಹೋಗುವುದಿಲ್ಲ. ಉದ್ದನೆಯವಳು ಮೊಣಕಾಲು ಮಡಚಿ, ಗಿಡ್ಡನೆಯವಳು ಇಟ್ಟಿಗೆ ಹುಡುಕಿ ತಂದು ಹೇಗೋ ಒಂದು ಸಾಲಿನಲ್ಲಿ ಸೇರಿಕೊಳ್ಳುತ್ತಾರೆ. ನನ್ನ ಶಿಷ್ಯ ಇದನ್ನು ಕಂಡೂ ಕಾಣದಂತೆ ಇರುತ್ತಾನೆ. "ಸಾಲು ವಕ್ರ ಆದ್ರೆ ಯಾರೂ ಸಾಯಲ್ಲ ಸಾರ್" ಎನ್ನುತ್ತಾನೆ. ಮೇಷ್ಟ್ರಾಗಿದ್ದಾಗ ನಾನು ಒಪ್ಪುತ್ತಿದ್ದೆನೋ ಇಲ್ಲವೋ. ಈಗ ಒಪ್ಪುತ್ತೇನೆ.

ದಸರಾ ಬೊಂಬೆಗಳನ್ನು ಮೆಟ್ಟಿಲ ಮೇಲೆ ಜೋಡಿಸಿದ ಹಾಗೆ ಮಕ್ಕಳನ್ನೂ ಜೋಡಿಸಬಹುದು, ಆದರೆ ಬೊಂಬೆಗೆ ಪಕ್ಕದ ಬೊಂಬೆಯನ್ನು ತಿವಿಯುವ ಆಸೆ ಇರುವುದಿಲ್ಲ. ನೆಲದ ಮೇಲೊಂದು ಸಾಲು, ಕುರ್ಚಿಯ ಸಾಲು, ಅದರ ಹಿಂದೆ ನೆಲದ ಮೇಲೆ ನಿಂತವರು, ಅವರ ಹಿಂದೆ ಬೆಂಚು, ಅದಕ್ಕೂ ಹಿಂದೆ ಡೆಸ್ಕು. ಡೆಸ್ಕಿನ ಮೇಲಿನ ಸಾಲಿನಲ್ಲಿ ಒಬ್ಬ ಕೆಮ್ಮಿದರೆ ಹತ್ತು ಜನ ಅಲ್ಲಾಡುತ್ತಾರೆ. ಆಗ ಬರುತ್ತದೆ ಆ ಆಜ್ಞೆ: "ಹಿಂದಿನ ಸಾಲಿನವರು ಸ್ವಲ್ಪ ಬಲಕ್ಕೆ!" ಯಾರ ಬಲ? ಕ್ಯಾಮೆರಾದವನ ಬಲವೋ, ಮಕ್ಕಳ ಬಲವೋ? ಅರ್ಧ ಸಾಲು ಆ ಕಡೆ, ಅರ್ಧ ಸಾಲು ಈ ಕಡೆ ಸರಿದು ನಡುವೆ ಒಂದು ಓಣಿ ತೆರೆದುಕೊಳ್ಳುತ್ತದೆ. ಅದರಾಚೆ ಶಾಲೆಯ ನಾಯಿ ಮಲಗಿರುವುದು ಕಾಣುತ್ತದೆ. ಅನುಭವಿಗಳು ಬಲ, ಎಡ ಎಂಬ ಮಾತನ್ನೇ ಎತ್ತುವುದಿಲ್ಲ. "ನೀರಿನ ಟ್ಯಾಂಕ್ ಕಡೆಗೆ", "ಗೇಟಿನ ಕಡೆಗೆ" ಎನ್ನುತ್ತಾರೆ. ಟ್ಯಾಂಕಿನ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ.

ಇನ್ನೊಂದು ಗುಟ್ಟು. ಸಾಲು ನೇರವಾಗಿದ್ದರೆ ತುದಿಯಲ್ಲಿ ನಿಂತವರು ಕ್ಯಾಮೆರಾದಿಂದ ದೂರವಾಗುತ್ತಾರೆ, ಆದ್ದರಿಂದ ಸಾಲನ್ನು ಎರಡೂ ಕಡೆ ಸ್ವಲ್ಪ ಮುಂದಕ್ಕೆ ಬಾಗಿಸುತ್ತಾರೆ. ಹತ್ತಿರದಿಂದಲೇ ಅಗಲದ ಲೆನ್ಸಿನಲ್ಲಿ ತೆಗೆದರೆ ಅಂಚಿನ ಮಕ್ಕಳ ಮುಖ ಪಕ್ಕಕ್ಕೆ ಎಳೆದುಕೊಂಡು, ಬಡಕಲು ಹುಡುಗನೂ ಒಂದೇ ದಿನದಲ್ಲಿ ದಪ್ಪಗಾಗಿ ಮನೆಯವರಿಗೆ ಸಮಾಧಾನ ಕೊಡುತ್ತಾನೆ. ಹಾಗಾಗಿ ಛಾಯಾಗ್ರಾಹಕ ಹಿಂದೆ ಹಿಂದೆ ಹೋಗುತ್ತಾನೆ, ಕಾಂಪೌಂಡ್ ಗೋಡೆ ಬೆನ್ನಿಗೆ ತಾಗುವವರೆಗೆ. ಅಷ್ಟು ದೂರದಿಂದ ಅವನು ಹೇಳುವ ಯಾವ ಮಾತೂ ಕೊನೆಯ ಸಾಲಿಗೆ ಕೇಳುವುದಿಲ್ಲ. ಕೊನೆಯ ಸಾಲು ಹೇಳುವ ಮಾತು ಅವನಿಗೆ ಕೇಳಿಸದಿರುವುದು ಅವನ ಪುಣ್ಯ.

ಎಲ್ಲ ಸರಿಯಾಯಿತು, ಒತ್ತಿಬಿಡೋಣ ಎಂದರೆ ಕಣ್ಣು. ಗುಂಪಿನಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ ಎಂಬುದು ಬರೀ ನಮ್ಮ ಗೊಣಗಾಟವಲ್ಲ, ಅದಕ್ಕೆ ಗಣಿತವಿದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ವಿಜ್ಞಾನ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಫೋಟೋಗೆ ನಿಂತವರು ನಿಮಿಷಕ್ಕೆ ಸುಮಾರು 10 ಸಲ ರೆಪ್ಪೆ ಬಡಿಯುತ್ತಾರೆ, ಒಂದೊಂದು ಬಡಿತಕ್ಕೆ ಕಾಲು ಸೆಕೆಂಡು ಎಂದು ಇಟ್ಟುಕೊಂಡು ಅವರು ಒಂದು ಸೂತ್ರ ಕೊಟ್ಟರು: ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನ ಇದ್ದು ಬೆಳಕು ಚೆನ್ನಾಗಿದ್ದರೆ ಜನಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ ಎರಡರಿಂದ ಭಾಗಿಸಿ, ಅಷ್ಟು ಸಲ ಕ್ಲಿಕ್ ಮಾಡಿದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುವುದು ಬಹುತೇಕ ಖಚಿತ. 18 ಮಕ್ಕಳಾದರೆ ಆರು ಫೋಟೋ ಸಾಕು. ಗುಂಪು 50 ದಾಟಿತೋ, ಆಸೆ ಬಿಡುವುದೇ ವಾಸಿ ಎಂಬುದೂ ಅವರ ತೀರ್ಮಾನ. ನಮ್ಮ ಹಳ್ಳಿಯ ಹೈಸ್ಕೂಲಿನ ಹತ್ತನೇ ತರಗತಿಯ ಎರಡು ಸೆಕ್ಷನ್ ಸೇರಿಸಿ, ಸಿಬ್ಬಂದಿಯನ್ನೂ ಕೂಡಿಸಿದರೆ ನೂರರ ಹತ್ತಿರ ಹೋಗುತ್ತದೆ. ಸೂತ್ರ ಮುಗಿದು ದೇವರು ಶುರುವಾಗುವ ಜಾಗ ಅದು.

ಹಾಗಿದ್ದರೆ ರೀಲಿನ ಕಾಲದವರು ಏನು ಮಾಡುತ್ತಿದ್ದರು? ಯಾಷಿಕಾ, ರೋಲಿಫ್ಲೆಕ್ಸ್ ಕ್ಯಾಮೆರಾಗಳಿಗೆ ಹಾಕುವ 120 ರೋಲಿನಲ್ಲಿ ಚೌಕದ ಚಿತ್ರ 12 ಬರುತ್ತಿದ್ದವು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲು ಬಹಳ ಸ್ಟುಡಿಯೋಗಳಲ್ಲಿತ್ತು. ಹನ್ನೆರಡರಲ್ಲಿ ಒಂದು ಶಾಲೆಗೆ ಎರಡಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಸ್ಟುಡಿಯೋದವರ ಮನೆಯ ಲೆಕ್ಕ ತಪ್ಪುತ್ತಿತ್ತು. ಆದ್ದರಿಂದ ಅವರು ಫಿಲ್ಮಿನ ಬದಲು ಬೈಗುಳ ಖರ್ಚು ಮಾಡುತ್ತಿದ್ದರು. ಕಣ್ಣು ಮಿಟುಕಿಸಿದರೆ ಕತೆ ಮುಗಿಯಿತು ಎಂದು ಹೆದರಿಸಿ, ಒಂದು ಎರಡು ಎನ್ನುವಾಗ ಇಡೀ ಶಾಲೆ ಉಸಿರು ಬಿಗಿಹಿಡಿದು ಕಣ್ಣರಳಿಸಿ ನಿಲ್ಲುವಂತೆ ಮಾಡುತ್ತಿದ್ದರು. ಆ ಕಾಲದ ಫೋಟೋಗಳಲ್ಲಿ ಎಲ್ಲರೂ ಹುಲಿ ಕಂಡವರಾಗಿ ತೋರುವುದಕ್ಕೆ ಅದೇ ಕಾರಣ. ಅದರ ಮೇಲೂ ಒಬ್ಬ ಕಣ್ಣು ಮುಚ್ಚಿದರೆ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದುವ ಕೈಗಳಿದ್ದವು. ಈಗ ನನ್ನ ಶಿಷ್ಯ ಒಂದೇ ಸಮನೆ ಇಪ್ಪತ್ತು ಮೂವತ್ತು ಒತ್ತಿ, ಕಂಪ್ಯೂಟರಿನಲ್ಲಿ ಒಂದರ ಮುಖ ತೆಗೆದು ಇನ್ನೊಂದಕ್ಕೆ ಹಾಕುತ್ತಾನೆ. ತಡವಾಗಿ ಬಂದ ಎಸ್‌ಡಿಎಂಸಿ ಅಧ್ಯಕ್ಷರನ್ನು ಬೇರೆ ತೆಗೆದು ತಂದು ಖಾಲಿ ಕುರ್ಚಿಯಲ್ಲಿ ಕೂರಿಸಿದ್ದೂ ಇದೆ. ಎಲ್ಲರ ನೆರಳು ಗೇಟಿನ ಕಡೆಗೆ, ಅವರದು ಮಾತ್ರ ಟ್ಯಾಂಕಿನ ಕಡೆಗೆ. ಯಾರೂ ಗಮನಿಸಲಿಲ್ಲ, ಒಬ್ಬ ಹುಡುಗಿಯ ಹೊರತು. ಅವಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿರಬೇಕು.

ನಗಿಸುವ ವಿಷಯ. "ಸ್ಮೈಲ್ ಪ್ಲೀಸ್" ಎಂದರೆ ಮಕ್ಕಳು ನಗುವುದಿಲ್ಲ, ಹಲ್ಲು ತೋರಿಸುತ್ತಾರೆ, ಎರಡೂ ಬೇರೆ. ಕ್ಯಾಮೆರಾ ಹೊಸದಾಗಿದ್ದ ಹತ್ತೊಂಬತ್ತನೇ ಶತಮಾನದಲ್ಲಿ ನಗುವ ಪ್ರಶ್ನೆಯೇ ಇರಲಿಲ್ಲ. ಒಂದು ಚಿತ್ರಕ್ಕೆ ಎಷ್ಟೋ ಸೆಕೆಂಡು ಅಲ್ಲಾಡದೆ ಕೂರಬೇಕಿತ್ತು. ಅಷ್ಟು ಹೊತ್ತು ಸುಮ್ಮನಿರುವ ಕೂಸು ಎಲ್ಲಿದೆ? ಇಂಗ್ಲೆಂಡು ಅಮೆರಿಕಗಳಲ್ಲಿ ತಾಯಂದಿರೇ ಮೈಮೇಲೆ ಬಟ್ಟೆ ಹೊದ್ದು ಕುರ್ಚಿಯ ವೇಷ ಹಾಕಿ, ಮಗುವನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದರು. ಅಂಥ ಚಿತ್ರಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನೋಡಿದರೆ ಮಗುವಿನ ಹಿಂದಿನ ಕುರ್ಚಿಗೆ ಕೈ ಇರುವುದು ಕಾಣುತ್ತದೆ. ನಮ್ಮ ಅಂಗನವಾಡಿಗಳಲ್ಲಿ ಇದು ಇಂದಿಗೂ ನಡೆದಿದೆ. ಸಾಲಿನ ಹಿಂದೆ ಸಹಾಯಕಿ ಬಗ್ಗಿ ಕೂತು, ಎದ್ದು ಓಡುವ ಮಗುವಿನ ಚಡ್ಡಿಯ ಹಿಂಬದಿ ಹಿಡಿದುಕೊಂಡಿರುತ್ತಾರೆ. ಫೋಟೋದಲ್ಲಿ ಅವರ ಬಳೆ ಮಾತ್ರ ಬರುತ್ತದೆ.

ನನ್ನ ಶಿಷ್ಯನ ಉಪಾಯವೇ ಬೇರೆ. ಎಲ್ಲ ಸಿದ್ಧವಾದ ಮೇಲೆ ಗಂಭೀರವಾಗಿ "ಹೆಡ್‌ಮೇಷ್ಟ್ರು ಮಾತ್ರ ನಗಬಾರದು" ಎನ್ನುತ್ತಾನೆ. ಬೆಂಚು, ಡೆಸ್ಕಿನ ಮೇಲೆ ನಿಂತವರಿಗೆ ಅವರ ಬೋಳುತಲೆ ಮಾತ್ರ ಕಾಣುತ್ತಿರುತ್ತದೆ, ಮುಖ ಕಾಣುವುದಿಲ್ಲ. ಒಳಗೆ ನಗುತ್ತಿದ್ದಾರೋ ಇಲ್ಲವೋ ಎಂಬ ಕುತೂಹಲಕ್ಕೇ ಹಿಂದಿನ ಎರಡು ಸಾಲು ಬಿದ್ದು ನಗುತ್ತವೆ. ಹಿಂದೆ ನಗು ಕೇಳಿ ಹೆಡ್‌ಮೇಷ್ಟ್ರಿಗೂ ತಡೆಯಲಾಗುವುದಿಲ್ಲ. ಎರಡೇ ಸೆಕೆಂಡು, ಅಷ್ಟರಲ್ಲಿ ಕೆಲಸ ಆಗಬೇಕು.

ಈಗ ಹೊಸದಾಗಿ ಒಂದು ಉಪದ್ರವ ಸೇರಿಕೊಂಡಿದೆ. ಛಾಯಾಗ್ರಾಹಕನ ಅಕ್ಕಪಕ್ಕ ನಾಲ್ಕೈದು ಮೇಷ್ಟ್ರುಗಳು, ಪೋಷಕರು ಮೊಬೈಲ್ ಎತ್ತಿ ನಿಲ್ಲುತ್ತಾರೆ. "ನಂದೂ ಒಂದು", "ಇಲ್ಲಿ ನೋಡ್ರಪ್ಪಾ" ಎಂದು ಕೂಗುತ್ತಾರೆ. ಮಕ್ಕಳು ವಿಧೇಯರು, ಕೆಲವರು ಇತ್ತ, ಕೆಲವರು ಅತ್ತ ನೋಡುತ್ತಾರೆ. ಮಗನ ತಂದೆ ನಿಂತ ಕಡೆಗೆ ಮಗ, ಇಂಗ್ಲಿಷ್ ಮೇಷ್ಟ್ರಿಗೆ ಹೆದರುವವರೆಲ್ಲ ಅವರ ಫೋನಿನ ಕಡೆಗೆ. ಮುದ್ರಿಸಿ ನೋಡಿದರೆ ಯಾರೂ ಯಾವುದನ್ನೂ ನೋಡುತ್ತಿರುವುದಿಲ್ಲ. ಮೊಬೈಲುಗಳನ್ನು ಹೆಡ್‌ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳಿಗೆ ಅನ್ವಯಿಸುವ ನಿಯಮ ಆ ಒಂದು ಗಂಟೆ ದೊಡ್ಡವರಿಗೂ ಅನ್ವಯಿಸಲಿ.

ದೊಡ್ಡ ಗುಂಪುಗಳನ್ನು ಹಿಡಿಯುವ ಹಟ ಪ್ರಪಂಚದಲ್ಲಿ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ 1904ರಲ್ಲಿ ಸರ್ಕಟ್ ಎಂಬ ಕ್ಯಾಮೆರಾಕ್ಕೆ ಪೇಟೆಂಟ್ ಸಿಕ್ಕಿತು. ಟ್ರೈಪಾಡಿನ ಮೇಲೆ ಕೂತು ಅದು ತಾನೇ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗುತ್ತ, ಒಳಗೆ ಫಿಲ್ಮೂ ಸುತ್ತಿಕೊಳ್ಳುತ್ತ, ಇಡೀ ಶಾಲೆಯನ್ನು ಮಾರುದ್ದದ ಪಟ್ಟಿಯಲ್ಲಿ ಹಿಡಿಯುತ್ತಿತ್ತು. ಮಕ್ಕಳು ಅದರ ಗುಟ್ಟನ್ನು ಬೇಗ ಕಂಡುಹಿಡಿದರು. ಎಡತುದಿಯಲ್ಲಿ ನಿಂತವನು ತನ್ನನ್ನು ಕ್ಯಾಮೆರಾ ದಾಟಿದ ಕೂಡಲೇ ಸಾಲುಗಳ ಹಿಂದೆ ಬಗ್ಗಿ ಓಡಿ, ಬಲತುದಿಯಲ್ಲಿ ಏದುಸಿರು ಬಿಡುತ್ತ ಮತ್ತೆ ನಿಂತುಬಿಡುತ್ತಿದ್ದ. ಒಂದೇ ಫೋಟೋದಲ್ಲಿ ಎರಡು ಸಲ ಹಾಜರು! ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಸಲವೂ ಹಾಜರಿಲ್ಲದ ಹುಡುಗರನ್ನು ಕಂಡ ನನಗೆ ಈ ಉತ್ಸಾಹ ಮೆಚ್ಚುಗೆಯಾಗುತ್ತದೆ.

ಅದೇ ದೇಶದ ಆರ್ಥರ್ ಮೋಲ್ ಎಂಬಾತ 1918ರಲ್ಲಿ ಅಯೋವಾದ ಕ್ಯಾಂಪ್ ಡಾಡ್ಜ್ ಸೇನಾ ಶಿಬಿರದಲ್ಲಿ 18,000 ಸೈನಿಕರನ್ನು ಮೈದಾನದಲ್ಲಿ ನಿಲ್ಲಿಸಿ ಸ್ವಾತಂತ್ರ್ಯ ದೇವಿಯ ಆಕಾರ ಮಾಡಿಸಿ, 80 ಅಡಿಯ ಅಟ್ಟಣಿಗೆಯ ಮೇಲಿಂದ ಚಿತ್ರ ತೆಗೆದ. ದೂರದ್ದು ಸಣ್ಣದಾಗಿ ಕಾಣುತ್ತದಲ್ಲ, ಅದಕ್ಕೇ ದೇವಿಯ ಪಾದದ ಹತ್ತಿರ ಬೆರಳೆಣಿಕೆಯ ಜನ, ಬಹುಪಾಲು ಸೈನಿಕರು ದೂರದ ಪಂಜಿನ ಜ್ವಾಲೆಯಲ್ಲಿ. ಸೈನಿಕರು, ನಿಲ್ಲಿಸಿದಲ್ಲಿ ನಿಂತರು. ನಮ್ಮಲ್ಲಿ ಆಗಸ್ಟ್ 15ಕ್ಕೆ ಮಕ್ಕಳಿಂದ ಭಾರತದ ನಕ್ಷೆ ಮಾಡಿಸಿ ಶಾಲೆಯ ತಾರಸಿಯಿಂದ ಫೋಟೋ ತೆಗೆಯುವ ಪದ್ಧತಿ ಇದೆ. ಸುಣ್ಣದಲ್ಲಿ ಗೆರೆ ಎಳೆದಿರುತ್ತಾರೆ. ಕನ್ಯಾಕುಮಾರಿಯಲ್ಲಿ ನಿಂತವಳಿಗೆ ನೀರಡಿಕೆಯಾಗಿ ಅವಳು ನಲ್ಲಿಯ ಕಡೆ ಹೋದಳೆನ್ನಿ, ದೇಶ ಮೊಟಕಾಗುತ್ತದೆ. ಗುಜರಾತಿಗೂ ಅಸ್ಸಾಮಿಗೂ ಹಿಂದಿನ ದಿನದ ಜಗಳ ಇದ್ದರೆ ಮಧ್ಯಪ್ರದೇಶದವರು ಬಿಡಿಸಬೇಕು. ಕೆಳಗಿರುವ ಮಕ್ಕಳಿಗೆ ತಾವು ಯಾವ ರಾಜ್ಯ ಎಂಬುದು ಕಾಣುವುದೇ ಇಲ್ಲ. ಕಾಣುವುದು ಎದುರಿನವನ ಬೆನ್ನು. ನಕ್ಷೆ ಕಾಣುವುದು ತಾರಸಿಯ ಮೇಲಿರುವವರಿಗೆ ಮಾತ್ರ.

ಮಕ್ಕಳನ್ನು ಹೀಗೆ ಸಾಲಿಗೆ ಹಚ್ಚದೆಯೂ ಹಿಡಿಯಬಹುದೆಂದು ತೋರಿಸಿದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಏರ್ಪಡಿಸಿತ್ತು. ಅವರ ಚಿತ್ರಗಳಲ್ಲಿ ಮಕ್ಕಳು ತಮ್ಮ ಪಾಡಿಗೆ ಇರುತ್ತಾರೆ, ಕ್ಯಾಮೆರಾ ಅವರ ಪಾಡಿಗೆ ಹೊಂದಿಕೊಂಡಿರುತ್ತದೆ. ಕಲೆಯ ದೃಷ್ಟಿಯಿಂದ ಅದೇ ದೊಡ್ಡದು, ವಾದವಿಲ್ಲ. ಆದರೆ ಗ್ರೂಪ್ ಫೋಟೋಗೆ ಒಂದು ಗುಣವಿದೆ: ಅದು ಯಾರನ್ನೂ ಆರಿಸುವುದಿಲ್ಲ. ಚೆಂದದ ಮುಖ, ಬೆಳಕು ಬಿದ್ದ ಮುಖ ಎಂದು ಹುಡುಕುವುದಿಲ್ಲ. ಹಾಜರಿ ಪುಸ್ತಕದಲ್ಲಿ ಇರುವವರೆಲ್ಲ ಬರಲೇಬೇಕು. ಆ ದಿನ ಜ್ವರ ಬಂದು ಮಲಗಿದವನ ಪಾಸ್‌ಪೋರ್ಟ್ ಫೋಟೋವನ್ನೂ ಹಿಂದೆ ಮೇಲಿನ ಮೂಲೆಯಲ್ಲಿ ಮೊಟ್ಟೆಯಾಕಾರದಲ್ಲಿ ಅಂಟಿಸುತ್ತಿದ್ದರು. ಇಡೀ ತರಗತಿಯ ನೆತ್ತಿಯ ಮೇಲೆ ಅವನೊಬ್ಬ ತೇಲುತ್ತಿದ್ದ. ಗೈರುಹಾಜರಾದವನಿಗೇ ಎಲ್ಲರಿಗಿಂತ ದೊಡ್ಡ ಮುಖ.

ಯಾರನ್ನೂ ಬಿಡುವುದಿಲ್ಲ ಎಂದೆ. ತೆಗೆಯುವಾಗ ಬಿಡುವುದಿಲ್ಲ, ಹಂಚುವಾಗ ಬಿಡುತ್ತದೆ. ಪ್ರತಿ ಬೇಕಾದವರು ದುಡ್ಡು ತರಬೇಕು. ನನ್ನ ತರಗತಿಗಳಲ್ಲಿ ಪ್ರತಿವರ್ಷ ಕೆಲವರು "ಬೇಡ ಸಾರ್, ನಂಗೆ ಫೋಟೋ ಇಷ್ಟ ಇಲ್ಲ" ಎನ್ನುತ್ತಿದ್ದರು. ಪೌಡರು ಹಾಕಿಕೊಂಡು, ಪೆನ್ನಿನ ಕ್ಯಾಪು ಸಾಲ ತಂದು ಸಿಕ್ಕಿಸಿಕೊಂಡು ನಿಂತವರು ಅವರೇ. ಉಳಿದ ಎಲ್ಲರ ಮನೆಯ ಗೋಡೆಯಲ್ಲೂ ಅವರ ಮುಖ ಇರುತ್ತದೆ, ಅವರ ಮನೆಯಲ್ಲಿ ಇರುವುದಿಲ್ಲ. ನನ್ನ ಶಿಷ್ಯ ಈಗ ಪ್ರತಿ ಶಾಲೆಗೂ ನಾಲ್ಕೈದು ಪ್ರತಿ ಹೆಚ್ಚಿಗೆ ಹಾಕಿ ಕ್ಲಾಸ್ ಟೀಚರ ಕೈಯಲ್ಲಿಟ್ಟು "ಯಾರಿಗೆ ಬೇಕೋ ನೋಡಿ ಕೊಡಿ" ಎಂದು ಹೊರಟುಬಿಡುತ್ತಾನೆ. ಯಾಕೆಂದು ನಾನು ಕೇಳಿಲ್ಲ. ಅವನು ನನ್ನ ತರಗತಿಯಲ್ಲಿದ್ದವನು.

ಹೆಸರಿನ ವಿಷಯಕ್ಕೂ ಹೀಗೆಯೇ. ರಟ್ಟಿಗೆ ಅಂಟಿಸಿದ ಹಳೆಯ ಫೋಟೋಗಳ ಕೆಳಗೆ 'ಕುಳಿತವರು (ಎಡದಿಂದ ಬಲಕ್ಕೆ)' ಎಂದು ಸುಂದರ ಅಕ್ಷರದಲ್ಲಿ ಮೇಷ್ಟ್ರುಗಳ ಹೆಸರು, ಬಿ.ಎ., ಬಿ.ಇಡಿ. ಸಮೇತ ಇರುತ್ತದೆ. ಮೂಲೆಯಲ್ಲಿ ಸ್ಟುಡಿಯೋದ ಹೆಸರು. ಕೆಲವು ಶಾಲೆಗಳಲ್ಲಿ ಮಕ್ಕಳ ಹೆಸರನ್ನೂ ಸಾಲುಸಾಲಾಗಿ ಹಾಕುತ್ತಿದ್ದರು. ಮೂವರು ಮಂಜುನಾಥರಿದ್ದರೆ ಇನಿಷಿಯಲ್ಲು ಅದಲುಬದಲಾಗಿ, ಒಬ್ಬನ ಮೀಸೆ ಇನ್ನೊಬ್ಬನ ಹೆಸರಿಗೆ ಸೇರುತ್ತಿತ್ತು. ಬಹಳ ಕಡೆ ಅಷ್ಟೂ ಇಲ್ಲ. ನಿಂತವರು ಬರೀ ವಿದ್ಯಾರ್ಥಿಗಳು. ನಮ್ಮ ಮನೆಯ ಟ್ರಂಕಿನಲ್ಲಿ ಅಮ್ಮನ ಮಿಡ್ಲ್ ಸ್ಕೂಲಿನ ಫೋಟೋ ಒಂದಿದೆ. ಅವಳಿಗೆ ಪ್ರತಿಯೊಬ್ಬರ ಹೆಸರು, ಮನೆ, ಯಾರಿಗೆ ಯಾರ ಮೇಲೆ ಕೋಪ, ಯಾರು ಯಾವ ಊರಿಗೆ ಮದುವೆಯಾಗಿ ಹೋದರು ಎಲ್ಲ ಬಾಯಿಪಾಠ ಇತ್ತು. ಅವಳು ಹೋದ ಮೇಲೆ ಆ ಫೋಟೋದಲ್ಲಿ ನಮಗೆ ಗುರುತು ಸಿಗುವುದು ಅವಳೊಬ್ಬಳದೇ. ಮಿಕ್ಕ ಹುಡುಗಿಯರೆಲ್ಲ ಎರಡು ಜಡೆಯವರು, ಅಷ್ಟೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಬೀರುವಿನಲ್ಲೂ ಇಂಥದೊಂದು ಫೋಟೋ ಇರುತ್ತದೆ. ನೆನಪು ಗಟ್ಟಿಯಾಗಿರುವಾಗಲೇ ಅದನ್ನು ತೆಗೆದು ಕೂತು ಹೆಸರು ಬರೆಯಿರಿ. ಮೇಷ್ಟ್ರುಗಳದ್ದಷ್ಟೇ ಅಲ್ಲ, ನಿಂತವರದು, ನೆಲದಲ್ಲಿ ಕೂತವರದು, ಗಂಟೆ ಹೊಡೆಯುತ್ತಿದ್ದವರದು, ಗೊತ್ತಿದ್ದರೆ ಫೋಟೋ ತೆಗೆದವರದು ಕೂಡ. ಅವರು ಯಾವ ಫೋಟೋದಲ್ಲೂ ಇರುವುದಿಲ್ಲ. ನಿಮ್ಮ ತರಗತಿಯಲ್ಲಿ ಫೋಟೋ ಇಷ್ಟವಿಲ್ಲ ಎಂದವರು ಯಾರೆಂದು ನೆನಪಿದ್ದರೆ ಅವರಿಗೊಂದು ಪ್ರತಿ ಕಳಿಸಿ. ಈಗ ಮೊಬೈಲಿನಲ್ಲೇ ಆಗುವ ಕೆಲಸ. ಬಾಲ್‌ಪೆನ್ನಿನಲ್ಲಿ ಮಾತ್ರ ಬರೆಯಬೇಡಿ, ಒತ್ತಿದ ಗುರುತು ಮುಖದ ಮೇಲೆ ಮೂಡುತ್ತದೆ. ಹಳೆಯ ಕಪ್ಪುಬಿಳುಪು ಫೋಟೋದ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ ಸಾಕು. ಬಣ್ಣದ ಫೋಟೋದ ನುಣುಪು ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಹಾಗೆಯೇ, ಎಡದಿಂದ ಬಲಕ್ಕೆ ಎಂದರೆ ಯಾರ ಎಡ ಎಂಬುದನ್ನೂ ಅದರಲ್ಲೇ ಬರೆದುಬಿಡಿ.